ಯಾತ್ರೆ ಬಸ್ಸಿನ ಎಡಬದಿಯ ಬಾಗಿಲು

ಬಸ್ಸಿನಲ್ಲಿ ಎಡಬದಿಯ ಕಿಟಕಿ ಸಿಕ್ಕಿದರೆ ನಾನು ಇಂದಿಗೂ ಗುಡ್ಡ, ಗದ್ದೆಗಳನ್ನು ನೋಡುವುದಿಲ್ಲ. ದಾರಿಯ ಅಂಚಿನಲ್ಲಿ ನಿಂತವರನ್ನು ನೋಡುತ್ತೇನೆ. ಅವರು ಎಷ್ಟು ಹತ್ತಿರ ನಿಂತಿದ್ದಾರೆ, ಬೆನ್ನ ಹಿಂದೆ ಸರಿಯಲು ಜಾಗವಿದೆಯೇ, ಕೈಯಲ್ಲಿ ಏನಿದೆ ಎಂದು ಕಣ್ಣು ತಾನಾಗಿ ಅಳೆಯುತ್ತದೆ. ಹೆಂಡತಿ ಮೊದಮೊದಲು ಏನು ನೋಡುತ್ತೀರಿ ಎಂದು ಕೇಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪುತ್ತೂರಿನ ಒಂದು ಬಸ್ ಕಂಪೆನಿಯ ಶೆಡ್ಡಿನಲ್ಲಿ ರೈಟರ್, ಅಂದರೆ ಗುಮಾಸ್ತ ಆಗಿದ್ದೆ. ಆಗ ಹೊರಗಿನಿಂದ ಬರುತ್ತಿದ್ದದ್ದು ಬಸ್ಸಿನ ಚಾಸಿ ಮಾತ್ರ. ಅದರ ಮೇಲಿನ ಮೈಯನ್ನು ಊರಿನ ಆಚಾರಿಗಳೇ ಮರದಲ್ಲಿ ಕಟ್ಟಿ ತಗಡು ಹೊದಿಸುತ್ತಿದ್ದರು. ಬಿ.ಎಸ್ಸಿ. ಓದಿ ಬಂದವನೆಂದು ಅಳತೆ, ನಕ್ಷೆ, ಸಾಮಾನಿನ ಪಟ್ಟಿ ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಎದುರಾಗುತ್ತಿದ್ದ ಹೆಬ್ಬಲಸಿನ ಹೊಟ್ಟು, ಗ್ರೀಸು, ವಾರ್ನಿಶು ಬೆರೆತ ವಾಸನೆಯನ್ನು ನಾನು ಮತ್ತೆಲ್ಲೂ ಮೂಸಿಲ್ಲ. ಹತ್ತು ಗಂಟೆಗೆ ಎದುರಿನ ಹೋಟೆಲಿನಿಂದ ಚಹಾ ಬರುತ್ತಿತ್ತು. ಸುತ್ತಿಗೆಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಆ ಕಾಲು ಗಂಟೆ ತುಳು, ಕನ್ನಡ, ಬ್ಯಾರಿ ಮಾತುಗಳಲ್ಲಿ ಲೋಕದ ವಿಚಾರವೆಲ್ಲ ಇತ್ಯರ್ಥವಾಗುತ್ತಿತ್ತು.

ಕಂಪೆನಿಯ ಯಜಮಾನರನ್ನು ನಾವು ಧನಿಗಳು ಎನ್ನುತ್ತಿದ್ದೆವು. ದಿನಾ ಲೈನಿಗೆ ಓಡಿ ಸುಸ್ತಾಗಿದ್ದ ಒಂದು ಹಳೆಯ ಬಸ್ಸನ್ನು ಯಾತ್ರೆಯ ಬಸ್ಸು ಮಾಡಬೇಕೆಂದು ಅವರಿಗೆ ಮನಸ್ಸಾಯಿತು. ಅರ್ಧ ಸೀಟುಗಳನ್ನು ಕಿತ್ತು ಮಲಗುವಷ್ಟು ಅಗಲದ ಬೆಂಚುಗಳನ್ನು ಕೂರಿಸಿದೆವು. ಕಿಟಕಿಗೆ ಪರದೆ, ಹಿಂದೆ ನೀರಿನ ಪೀಪಾಯಿ, ಮಡಚುವ ಮೇಜು. ನಮ್ಮ ಕಡೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಪೇಟೆಗೆ ಬಂದವರು ಶೆಡ್ಡಿಗೂ ಬಂದು ಬೆಂಚಿನ ಮೇಲೆ ಮಲಗಿ ಎದ್ದು, ತಲೆಯಾಡಿಸಿ ಹೋಗುತ್ತಿದ್ದರು.

ತೊಡಕು ಬಂದದ್ದು ಅಡಿಗೆಯ ಸಾಮಾನಿನಲ್ಲಿ. ಯಾತ್ರೆಗೆ ಬರುವವರಲ್ಲಿ ಮಡಿಯವರು ಹೆಚ್ಚು. ಹತ್ತು ಜನ ಕಾಲು ಚಾಚುವ ಜಾಗದಲ್ಲಿ ಅಕ್ಕಿ, ಪಾತ್ರೆ ಇಡಲು ಸಾಧ್ಯವಿಲ್ಲ ಎಂದರು ಅಡಿಗೆಯ ಭಟ್ಟರು. ಹಾಗಾಗಿ ನೆಲಹಲಗೆಯ ಕೆಳಗೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ಹೊರಗಿನಿಂದ ತೆರೆಯುವ ಪೆಟ್ಟಿಗೆಗಳನ್ನು ಮಾಡುವುದೆಂದಾಯಿತು. ಬದಿಗೆ ಮೂರರಂತೆ ಆರು. ಒಂದೊಂದಕ್ಕೂ ಎರಡೂವರೆ ಅಡಿ ಅಗಲದ ಬಾಗಿಲು. ನಿಂತ ಮನುಷ್ಯನ ಮೊಣಕಾಲಿನಿಂದ ಸೊಂಟದವರೆಗೆ ಬರುವ ಎತ್ತರ.

ಭಟ್ಟರದ್ದು ಇನ್ನೊಂದು ಷರತ್ತೂ ಇತ್ತು. ಬಾಗಿಲನ್ನು ಊರವರೆಲ್ಲ ಮುಟ್ಟುತ್ತಾರೆ. ಆದ್ದರಿಂದ ಅದನ್ನು ಎಡಗೈಯಲ್ಲಿ ತೆರೆಯುವಂತಿರಬೇಕು. ಪಾತ್ರೆ ತೆಗೆಯುವ ಬಲಗೈ ಶುದ್ಧವಾಗಿರಬೇಕು. ಎಡಗೈಯಲ್ಲಿ ಎಳೆದು ತೆರೆಯಬೇಕಾದರೆ ಕೊಂಡಿ ಎಡಕ್ಕೂ, ಬಾಗಿಲು ತಿರುಗುವ ಬಿಜಾಗ್ರಿಗಳು ಬಲಕ್ಕೂ ಬರಬೇಕು. ತೆರೆದ ಬಾಗಿಲು ಪೂರ್ತಿ ಹಿಂದಕ್ಕೆ ಮಗುಚದೆ ನೇರ ನಿಲ್ಲಲೆಂದು ಒಳಗೊಂದು ಗಿಡ್ಡ ಸರಪಳಿ. ನಾನು ಹಾಗೆಯೇ ನಕ್ಷೆ ಬರೆದೆ.

ಹಿರಿಯ ಆಚಾರಿ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ದೇವಸ್ಥಾನದ ಜೋಡಿ ಬಾಗಿಲುಗಳನ್ನು ಮಾಡಿ ಕೈ ಪಳಗಿದವರು.

"ರೈಟರ್ರೆ, ಎರಡೂ ಬದಿಗೆ ಒಂದೇ ಕೈಯಾ? ಅಥವಾ ಒಂದಕ್ಕೊಂದು ಎದುರು ಮಾಡುದಾ?"

"ಒಂದೇ ಕೈ ಸಾಕು. ಭಟ್ರ ಎಡಗೈ ಆ ಬದಿಗೆ ಹೋದ್ರೆ ಬಲಗೈ ಆಗ್ತದಾ?"

ಎಲ್ಲರೂ ನಕ್ಕರು. ಆಚಾರಿಯೂ ನಕ್ಕು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ನಾನು ನಕ್ಷೆಯ ಕೆಳಗೆ ಸಹಿ ಹಾಕಿದೆ. ಒಳ್ಳೆಯ ಜೋಕು ಹೇಳಿದೆ ಎಂದು ಆ ಇಡೀ ದಿನ ನನಗೆ ಖುಷಿಯಿತ್ತು.

ಪರೀಕ್ಷೆಗೆಂದು ಪೆಟ್ಟಿಗೆಗಳಲ್ಲಿ ಒಂದಿಷ್ಟು ಪಾತ್ರೆ ಇಟ್ಟು, ಜನರಿಲ್ಲದ ಬಸ್ಸನ್ನು ಕಡಬದ ಕಡೆಯ ಮಣ್ಣುದಾರಿಯಲ್ಲಿ ಓಡಿಸಿದೆವು. ಓಡಿಸಿದವರು ಕಂಪೆನಿಯ ಹಿರಿಯ ಡ್ರೈವರ್, ಬ್ಯಾರಿ ಮುಸ್ಲಿಮರು. ನಾವೆಲ್ಲ ಕಾಕ ಎನ್ನುತ್ತಿದ್ದೆವು. ಹದಿನಾಲ್ಕು ವರ್ಷ ಘಾಟಿ ಹತ್ತಿ ಇಳಿದವರು, ಒಂದು ಕೋಳಿಯನ್ನೂ ಕೊಂದವರಲ್ಲ. ಹೊರಡುವ ಮುಂಚೆ ಬಸ್ಸಿಗೆ ಒಂದು ಸುತ್ತು ಬಂದು, ಟಯರನ್ನು ಒದ್ದು, ಪ್ರತಿ ಬಾಗಿಲಿಗೆ ಅಂಗೈಯಿಂದ ತಟ್ಟಿ ನೋಡುವುದು ಅವರ ಕ್ರಮ. ಕಂಪೆನಿಯ ನಿಯಮವೂ ಅದೇ.

ಮೊದಲನೆಯ ಓಟದಲ್ಲೇ ಬಾಗಿಲುಗಳು ತಾಳ ಬಾರಿಸಿದವು. ಒಂದು ತೆರೆದು ಸೌಟು ದಾರಿಗೆ ಬಿತ್ತು. ಒಳಗೆಲ್ಲ ಕೆಂಪು ಧೂಳು. ಬೀಗ ಹಾಕಿ ನೋಡಿದೆವು. ದಿನಕ್ಕೆ ಹತ್ತು ಸಲ ತೆರೆಯುವ ಪೆಟ್ಟಿಗೆಗೆ ಬೀಗ ನಡೆಯಲಿಲ್ಲ, ಎರಡನೆಯ ದಿನವೇ ಬೀಗದ ಕೈ ಯಾರದೋ ಜೇಬಿನಲ್ಲಿ ಸುಳ್ಯಕ್ಕೆ ಹೋಯಿತು. ಮರದ ಬೆಣೆ ಹೊಡೆದೆವು, ಅದು ಉದುರಿತು. ಕೊನೆಗೆ ಬಾಗಿಲಿನ ಒಳ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರನ್ನು ಎರಡು ಪದರ ಬಡಿದೆವು. ಕೊಂಡಿಯನ್ನು ಚೌಕಟ್ಟಿನ ಕಬ್ಬಿಣದ ಬಳೆಗೆ ಒತ್ತಿ ಹಾಕಿ, ಬಳೆಯೊಳಗೆ ಮೇಲಿನಿಂದ ಬೆರಳು ಗಾತ್ರದ ಆಣಿ ಇಳಿಸುವುದು. ಆಣಿ ಕಳೆಯದಂತೆ ಅದಕ್ಕೊಂದು ಸಣ್ಣ ಸರಪಳಿ. ರಬ್ಬರು ಬಾಗಿಲನ್ನು ಹೊರಕ್ಕೆ ನೂಕುತ್ತಿದ್ದುದರಿಂದ ಆಣಿ ಬಿಗಿಯಾಗಿ ಕಚ್ಚಿಕೊಂಡಿತು. ಧೂಳೂ ನಿಂತಿತು, ಸದ್ದೂ ನಿಂತಿತು. ನಾವು ಗೆದ್ದೆವು ಅಂದುಕೊಂಡೆವು.

ಮೊದಲ ಯಾತ್ರೆ ಕೊಡಗು, ಮೈಸೂರಿನ ಕಡೆಗೆ ಆರು ದಿನ. ಧನಿಗಳು, ಅವರ ನೆಂಟರಿಷ್ಟರು, ಪುತ್ತೂರಿನ ಕೆಲವು ಮನೆಯವರು. ಬಸ್ಸು ಹೊಸತು ಮಾಡಿದವನೆಂದು ನನ್ನನ್ನೂ ಕರೆದುಕೊಂಡರು. ಆ ಆರು ದಿನಗಳಷ್ಟು ಹಗುರವಾದ ದಿನಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ. ನೀರು ಕಂಡಲ್ಲಿ ಬಸ್ಸು ನಿಲ್ಲುವುದು, ಎಡಬದಿಯ ಪೆಟ್ಟಿಗೆಗಳಿಂದ ಪಾತ್ರೆ ಇಳಿಯುವುದು, ಮೂರು ಕಲ್ಲಿನ ಮೇಲೆ ಅನ್ನ ಬೇಯುವುದು. ಮುದುಕಿಯರು ಮರದ ನೆರಳಿನಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ಡ್ರೈವರ್ ಕಾಕನ ಮನೆಯ ಸುದ್ದಿಯನ್ನೆಲ್ಲ ಕೇಳಿ ತಿಳಿದುಕೊಂಡರು. ಮೂರನೆಯ ಮಗಳ ಮದುವೆಗೆ ಗಂಡು ಸಿಕ್ಕಿದ್ದು ಕಂಪೆನಿಯವರಿಗಿಂತ ಮೊದಲು ಅವರಿಗೆ ಗೊತ್ತಾಯಿತು.

ಆರನೆಯ ದಿನ ಮಡಿಕೇರಿಯಿಂದ ಇಳಿದು, ಸಂಪಾಜೆ ದಾಟಿ ಒಂದು ತೋಡಿನ ಬಳಿ ಕೊನೆಯ ಊಟಕ್ಕೆ ನಿಲ್ಲಿಸಿದೆವು. ಊಟವಾದ ಮೇಲೆ ಮೋಡ ಕಟ್ಟಿತು. ಭಟ್ಟರು ತೋಡಿನಲ್ಲಿ ಕೈಕಾಲು ತೊಳೆಯುತ್ತಿದ್ದರು. ಎಡಬದಿಯ ನಡುವಿನ ಪೆಟ್ಟಿಗೆಯನ್ನು ನಾನೇ ಮುಚ್ಚಿದೆ. ಕೊಂಡಿ ಒತ್ತಿದೆ, ಆಣಿ ಇಳಿಸಿದೆ. ಇಳಿಸಿದೆ ಎಂದೇ ನನ್ನ ನಂಬಿಕೆ. ಡ್ರೈವರ್ ಕಾಕ ಎಂದಿನಂತೆ ಸುತ್ತು ಬರಲು ಹೊರಟಿದ್ದರು. ಧನಿಗಳು ಒಳಗಿನಿಂದ, ಮಳೆ ಬರುತ್ತದೆ, ಸುತ್ತಿದ್ದು ಸಾಕು, ಹತ್ತಿ ಎಂದರು. ಕಾಕ ಹತ್ತಿದರು.

ಅಲ್ಲಿಂದ ಸುಳ್ಯದ ಕಡೆಗೆ ದಾರಿ ಇಳಿಜಾರು. ಆಗ ಅದು ಒಂದೇ ಗಾಡಿಯ ಅಗಲದ ಡಾಮರು. ಗುಡ್ಡ ಕಡಿದು ಮಾಡಿದ ಕಡೆಗಳಲ್ಲಿ ಪಕ್ಕಕ್ಕೆ ಆಳೆತ್ತರದ ಮಣ್ಣಿನ ಗೋಡೆ, ನಮ್ಮ ಕಡೆಯ ಮಾತಿನಲ್ಲಿ ಬರೆ. ಬಸ್ಸಿನ ಸದ್ದು ಕೇಳಿದರೆ ನಡೆಯುವವರು ಬರೆಗೆ ಬೆನ್ನು ಕೊಟ್ಟು, ಬಸ್ಸಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಒಳಗೆ ಪರಿಚಯದವರು ಇದ್ದಾರೋ ಎಂದು ನೋಡದೆ ಯಾರೂ ಬಸ್ಸನ್ನು ಬಿಡುತ್ತಿರಲಿಲ್ಲ.

ನಾನು ಎಡಬದಿಯಲ್ಲಿ, ನಡುವಿನ ಪೆಟ್ಟಿಗೆಗಿಂತ ಸ್ವಲ್ಪ ಹಿಂದೆ ಕುಳಿತಿದ್ದೆ. ಕಿಟಕಿಯ ಕೆಳಗೆ ಏನೋ ಟಪ್ ಎಂದಿತು. ಬಗ್ಗಿ ನೋಡಿದರೆ ಬಾಗಿಲು ಹೊರಕ್ಕೆ ಬಂದು, ಬಸ್ಸಿನ ಮೈಗೆ ಅಡ್ಡಲಾಗಿ, ಎರಡೂವರೆ ಅಡಿ ಉದ್ದಕ್ಕೆ ನೆಟ್ಟಗೆ ನಿಂತಿತ್ತು. ಗಾಳಿ ಅದನ್ನು ಹಿಡಿದು ನಿಲ್ಲಿಸಿತ್ತು. ಮುಂದೆ, ಮೂವತ್ತು ಮಾರು ದೂರದಲ್ಲಿ, ಬರೆಗೆ ಬೆನ್ನು ಕೊಟ್ಟು ಒಬ್ಬ ಹೆಂಗಸು ನಿಂತಿದ್ದರು. ತಲೆಯ ಮೇಲಿನ ಹುಲ್ಲಿನ ಕಟ್ಟವನ್ನು ಇಳಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡಿದ್ದರು. ಮುಖದಲ್ಲಿ ಬಸ್ಸು ನೋಡುವ ನಗು.

ನಾನು ಕೂಗಿದೆನೋ ಇಲ್ಲವೋ ತಿಳಿಯದು. ಕೂಗಿದೆ ಎಂದು ಪಕ್ಕದವರು ಆಮೇಲೆ ಹೇಳಿದರು. ಎಡಕ್ಕೆ ಕನ್ನಡಿಯಿರಲಿಲ್ಲ, ಕಾಕನಿಗೆ ಕಾಣುವಂತಿರಲಿಲ್ಲ. ಆ ಮೂವತ್ತು ಮಾರುಗಳನ್ನು ನಾನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ನಗು ಹಾಗೆಯೇ ಇರುತ್ತದೆ. ಬಾಗಿಲಿನ ಅಂಚು ಹುಲ್ಲಿನ ಕಟ್ಟಕ್ಕೆ ಬಡಿಯಿತು. ಹಸಿರು ಮೇಲೆದ್ದಿತು. ಬಾಗಿಲು ಬರೆಗೆ ತಾಗಿ, ಬಿಜಾಗ್ರಿ ಕಿತ್ತು, ಹಿಂದೆ ಎಲ್ಲೋ ಬಿತ್ತು. ಆಮೇಲೆ ಬ್ರೇಕು.

ನಾವು ಓಡಿ ಹೋದಾಗ ಆಕೆ ಚರಂಡಿಯಲ್ಲಿ ಕುಳಿತಿದ್ದರು. ತಲೆ, ಹೆಗಲೆಲ್ಲ ಹುಲ್ಲು. ಡ್ರೈವರ್ ಕಾಕ ಎದುರಿಗೆ ಮೊಣಕಾಲೂರಿ ಕೂತರು.

"ನಂಗೆ ಎಂತ ಆತ್ಲೆ," ಎಂದರು ಆಕೆ, ತನಗೇನೂ ಆಗಿಲ್ಲ ಎಂದು ಸುಳ್ಯದ ಗೌಡರ ಅರೆಭಾಷೆಯಲ್ಲಿ. ಮತ್ತೆ ಸುತ್ತ ನೋಡಿ, "ನನ್ನ ಕತ್ತಿ ಎಲ್ಲಿ?"

ಮುಂಗೈ ತರಚಿ ರಕ್ತ ಬರುತ್ತಿತ್ತು, ಅದರ ಕಡೆ ಆಕೆ ನೋಡಲೇ ಇಲ್ಲ. ಹುಲ್ಲು ಕೊಯ್ಯುವ ಕತ್ತಿ ಸಿಗುವವರೆಗೆ ಯಾರನ್ನೂ ಮುಟ್ಟಗೊಡಲಿಲ್ಲ. ಇಪ್ಪತ್ತು ಯಾತ್ರಿಕರು ಚರಂಡಿಯಲ್ಲಿ ಕತ್ತಿ ಹುಡುಕಿದೆವು. ಧನಿಗಳ ಅತ್ತಿಗೆ, ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತು ಹುಲ್ಲು ಒಟ್ಟುಮಾಡಿ ಕಟ್ಟ ಕಟ್ಟಿದರು. ಎದ್ದು ನಿಂತ ಮೇಲೆ ಆಕೆ ಬಸ್ಸನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾತ್ರೆ ಬಸ್ಸಾ ಇದು? ಕೈ ತೋರಿಸದಿದ್ರೂ ಹತ್ತಿಸಿಕೊಂಡು ಸೀದಾ ಮೇಲಕ್ಕೇ ಹೋಗುದಾ?"

ಯಾರೂ ನಗಲಿಲ್ಲ. ಆಕೆ ಹುಲ್ಲಿನ ಕಟ್ಟವನ್ನು ತಲೆಗೆ ಎತ್ತಿಕೊಂಡರು.

ಧನಿಗಳು ಆಕೆಯನ್ನು ಮನೆಯವರೆಗೆ ಕರೆದುಕೊಂಡು ಹೋದರು, ನಾವು ಹಿಂದಿನಿಂದ ನಡೆದೆವು. ಆ ಮನೆಯ ಅಂಗಳದಲ್ಲಿ ನಿಂತು ಅವರು ಮಾತು ಕೊಟ್ಟರು: ಇದಕ್ಕೆ ಕಾರಣನಾದವನು ಇನ್ನು ತನ್ನ ಕಂಪೆನಿಯಲ್ಲಿ ಇರುವುದಿಲ್ಲ. ಹೇಳುವಾಗ ಅವರ ಕಣ್ಣು ಡ್ರೈವರ್ ಕಾಕನ ಮೇಲಿತ್ತು. ಆಕೆಗೆ ಅದು ಕೇಳಿಸಿತೋ ಇಲ್ಲವೋ, ಒಳಗೆ ಹೋಗಿ ಹಸುವಿಗೆ ಹುಲ್ಲು ಹಾಕುತ್ತಿದ್ದರು.

ಪುತ್ತೂರಿಗೆ ಬಂದ ಮರುದಿನ ಧನಿಗಳು ವಿಚಾರಣೆ ನಡೆಸಿದರು. ಮುರಿದ ಬಾಗಿಲನ್ನು ಬಸ್ಸಿನ ಮೇಲೆ ಕಟ್ಟಿ ತಂದಿದ್ದೆವು. ಕೊಂಡಿ ನೆಟ್ಟಗಿತ್ತು, ಬಳೆ ಗಟ್ಟಿಯಾಗಿತ್ತು, ಆಣಿ ಸರಪಳಿಯಲ್ಲಿ ನೇತಾಡುತ್ತಿತ್ತು. ಆಣಿ ಒಳಗಿದ್ದೂ ಬಾಗಿಲು ತೆರೆದಿದ್ದರೆ ಏನಾದರೂ ಮುರಿದಿರಬೇಕಿತ್ತು. ನಾನು ಆಣಿ ಇಳಿಸಿದ್ದೇನೆ ಎಂದೆ. ಇಳಿಸಿರಲಿ, ಬಿಡಲಿ, ಸುತ್ತು ಬಂದು ನೋಡಬೇಕಾದವನು ಡ್ರೈವರ್, ನೋಡಲಿಲ್ಲ ಎಂದರು ಧನಿಗಳು. ಅವಸರ ಮಾಡಿದವರು ಯಾರೆಂದು ಶೆಡ್ಡಿನಲ್ಲಿ ಯಾರೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ.

ಕಾಕನನ್ನು ಕೇಳಿದರೆ, "ಸುತ್ತು ಬರಲಿಲ್ಲ. ಅದು ಹೌದಲ್ಲವಾ?" ಎಂದಷ್ಟೇ ಹೇಳಿದರು. ಹೆಂಗಸಿಗೆ ಬಸ್ಸು ಬಡಿಸಿದನೆಂದು ಒಂದು ಕಂಪೆನಿ ಕೆಲಸದಿಂದ ತೆಗೆದ ಡ್ರೈವರನ್ನು ಈ ತಾಲೂಕಿನಲ್ಲಿ ಇನ್ನೊಬ್ಬ ಧನಿ ಬಸ್ಸು ಹತ್ತಿಸುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ. ಮಗಳ ಮದುವೆ ಎದುರಿಗಿತ್ತು.

ನಾನು ಧನಿಗಳಲ್ಲಿ ಮೂರು ದಿನ ಕೇಳಿದೆ. ಹೊಸ ಬಾಗಿಲು ಕೂರಿಸಿ, ಅದೇ ಭಾರ ಹೇರಿ, ಕಾಕನ ಕೈಯಲ್ಲೇ ಓಡಿಸಿ ನೋಡುತ್ತೇನೆ, ಆಮೇಲೆ ನಿಮ್ಮ ಇಷ್ಟ ಎಂದೆ. ಅವರು, ಮೂರೇ ದಿನ ಎಂದರು.

ಕಡಬದ ದಾರಿಗೆ ಮತ್ತೆ ಹೋದೆವು. ಅಕ್ಕಿಮುಡಿ, ಚೆರಿಗೆ, ಸೌದೆ ಎಲ್ಲ ಯಾತ್ರೆಯಲ್ಲಿದ್ದಂತೆಯೇ. ನಡುವಿನ ಬಾಗಿಲಿಗೆ ಒಳಗಿನಿಂದ ತೆಂಗಿನ ಹುರಿ ಕಟ್ಟಿದೆ, ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯಬಾರದೆಂದು. ಎಡಬದಿಯ ಮೂರಕ್ಕೂ ಆಣಿ ಇಳಿಸಿದೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಗ್ಗಿ ಆಣಿಯನ್ನೇ ನೋಡುತ್ತಾ ಹೋದೆ. ಹಿರಿಯ ಆಚಾರಿ ಹಿಂದಿನಿಂದ ನನ್ನ ಬೆಲ್ಟು ಹಿಡಿದು ಕೂತರು. "ಬಿದ್ರೆ ನನ್ನ ಕೈಯಲ್ಲಿ ಬೆಲ್ಟು ಮಾತ್ರ ಇರುದು," ಎಂದು ಮೊದಲೇ ಎಚ್ಚರಿಸಿದರು.

ಎರಡು ಮೈಲಿ ಏನೂ ಆಗಲಿಲ್ಲ. ಮೂರನೆಯ ಮೈಲಿಯಲ್ಲಿ ಕೊರಕಲು ದಾರಿ ಬಂತು. ಒಂದು ಚಕ್ರ ಗುಂಡಿಗೆ ಇಳಿದಾಗ ಬಸ್ಸಿನ ಮರದ ಮೈ ಓರೆಯಾಗಿ ತಿರುಚಿತು. ಚೌಕಟ್ಟು ಒಂದು ಕಡೆ, ಬಾಗಿಲು ಒಂದು ಕಡೆ. ಆ ಕ್ಷಣ ಕೊಂಡಿ ಸಡಿಲವಾಯಿತು, ಆಣಿ ಒಂದು ನೂಲಿನಷ್ಟು ಮೇಲೆದ್ದಿತು. ಮುಂದಿನ ಗುಂಡಿಗೆ ಇನ್ನಷ್ಟು. ರಬ್ಬರನ್ನು ಮುಟ್ಟಿ ನೋಡಿದ್ದರೆ ನನಗೆ ಮೊದಲೇ ತಿಳಿಯುತ್ತಿತ್ತು. ಆರು ದಿನದ ಬಿಸಿಲಿಗೂ ಭಾರಕ್ಕೂ ಉಳಿದ ಬಾಗಿಲುಗಳಲ್ಲಿ ಅದು ಕಾಗದದಂತೆ ಚಪ್ಪಟೆಯಾಗಿತ್ತು. ಹೊಸ ಬಾಗಿಲಿಗೂ ಅದೇ ಹಳೆಯ ರಬ್ಬರನ್ನು ಬಡಿದಿದ್ದೆವು. ಆಣಿಯನ್ನು ಹಿಡಿದುಕೊಳ್ಳುವ ಬಿಗಿ ಉಳಿದಿರಲಿಲ್ಲ. ಐದನೆಯ ಮೈಲಿ ದಾಟುವಷ್ಟರಲ್ಲಿ ಆಣಿ ಕುಣಿಯುತ್ತಾ ಹೊರಗೆ ಬಂದು ಸರಪಳಿಯಲ್ಲಿ ನೇತಾಡಿತು.

ನಾನು ಕೂಗಿ ನಿಲ್ಲಿಸಿದೆ. ಆಣಿ ಹಾಕಿದ್ದೆ, ಹಾಗಾದರೆ ಅಂದೂ ಹಾಕಿದ್ದೆ. ಎದೆಯಿಂದ ಒಂದು ಮೂಟೆ ಇಳಿದಂತಾಯಿತು. ಆಣಿಯ ತಪ್ಪು, ರಬ್ಬರಿನ ತಪ್ಪು. ಮನುಷ್ಯರದ್ದು ಯಾರದ್ದೂ ಅಲ್ಲ. ಇಷ್ಟು ಹೇಳಿದರೆ ಧನಿಗಳು ಒಪ್ಪುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ಆಚಾರಿ ಬಸ್ಸಿನ ಬಲಬದಿಗೆ ಹೋಗಿ ಬಂದರು. ಆ ಬದಿಯ ಮೂರೂ ಬಾಗಿಲುಗಳಿಗೆ ಹೊರಡುವಾಗ ಆಣಿ ಇಳಿಸಲು ನಾವು ಮರೆತಿದ್ದೆವು. ಕೊಂಡಿಗಳು ಬಿಚ್ಚಿ ನೇತಾಡುತ್ತಿದ್ದವು. ಆದರೆ ಮೂರೂ ಬಾಗಿಲುಗಳು ಮುಚ್ಚಿಕೊಂಡೇ ಇದ್ದವು.

ಮುಂದೆ ಸ್ವಲ್ಪ ದೂರ ಸಮತಟ್ಟಾದ ದಾರಿಯಿತ್ತು. ಎರಡೂ ಬದಿಯ ಆಣಿ, ಕೊಂಡಿ ಎಲ್ಲ ಬಿಚ್ಚಿ, ಆರಕ್ಕೂ ಗಿಡ್ಡ ಹುರಿ ಕಟ್ಟಿ, ವೇಗವಾಗಿ ಓಡಿಸಲು ಹೇಳಿದೆ. ಎಡಬದಿಯ ಮೂರೂ ಬಾಗಿಲುಗಳು ಎದ್ದು ನಿಂತು ಹುರಿಯನ್ನು ಬಿಲ್ಲಿನ ಹೆದೆಯಂತೆ ಎಳೆದವು. ಬಲಬದಿಯವು ಗಾಳಿಗೆ ಇನ್ನೂ ಒತ್ತಿ ಮುಚ್ಚಿಕೊಂಡವು. ಎಲ್ಲವನ್ನೂ ಎಡಗೈಗೆ ತೆರೆಯುವಂತೆ ಮಾಡಿದ್ದರಿಂದ ಬಲಬದಿಯಲ್ಲಿ ಬಿಜಾಗ್ರಿ ಬಸ್ಸಿನ ಮುಂದಿನ ಕಡೆಗೆ ಬಂದಿತ್ತು, ಎಡಬದಿಯಲ್ಲಿ ಹಿಂದಿನ ಕಡೆಗೆ, ತೆರೆಯುವ ಅಂಚು ಎದುರುಗಾಳಿಗೆ ಒಡ್ಡಿಕೊಂಡು. ಆಣಿ ಬಿಟ್ಟರೆ ಬಲಬದಿಯ ಬಾಗಿಲು ಸದ್ದು ಮಾಡುತ್ತದೆ, ಅಷ್ಟೇ. ಎಡಬದಿಯದ್ದು ಗಾಳಿಯನ್ನು ಮೈತುಂಬ ಹಿಡಿದುಕೊಂಡು ದಾರಿಯಲ್ಲಿದ್ದವರ ಮೇಲೆ ಬೀಳುತ್ತದೆ.

ಮೂವರೂ ದಾರಿಯ ಬದಿಯಲ್ಲಿ ನಿಂತೆವು. ಆಚಾರಿ ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು.

"ಆಚಾರ್ರೆ, ನೀವು ಕೇಳಿದ್ರಿ," ಎಂದೆ.

"ಕೇಳಿದ್ದು ಹೌದು."

"ಎದುರು ಮಾಡಿದ್ರೆ ಇದು ಆಗ್ತಿರಲಿಲ್ಲ."

"ಆಗ ನನಗೂ ಗಾಳಿ ತಲೆಗೆ ಹೋಗ್ಲಿಲ್ಲ, ಮಾರಾಯ್ರೆ. ಜೋಡಿ ಬಾಗಿಲು ಚಂದಕ್ಕೆ ಎದುರು ಇಡುದು ನಾವು. ಅದಕ್ಕೆ ಕೇಳಿದ್ದು."

ಅವರು ನನ್ನನ್ನು ಉಳಿಸಲು ಹಾಗೆಂದರೋ, ನಿಜವೋ ನನಗೆ ತಿಳಿಯಲಿಲ್ಲ. ಡ್ರೈವರ್ ಕಾಕ ಹುರಿ ಬಿಚ್ಚಿ ಸುರುಳಿ ಸುತ್ತುತ್ತಿದ್ದರು.

ಅಂದು ಸಂಜೆಯೇ ಧನಿಗಳಲ್ಲಿಗೆ ಹೋದೆ. ಹೋಗುವ ದಾರಿಯಲ್ಲಿ ಎರಡು ಬಗೆಯಲ್ಲಿ ಹೇಳಿ ನೋಡಿಕೊಂಡಿದ್ದೆ. ರಬ್ಬರಿನ ಕಥೆ ಮಾತ್ರ ಹೇಳುವುದು ಒಂದು. ಅದು ಸುಳ್ಳಲ್ಲ, ಅದರಲ್ಲಿ ಯಾರ ಹೆಸರೂ ಬರುವುದಿಲ್ಲ. ಆದರೆ ಮಾತು ಕೊಟ್ಟ ಧನಿಗೆ ಒಂದು ಹೆಸರು ಬೇಕಿತ್ತು, ಬೇರೆ ಹೆಸರು ಇಲ್ಲದಿದ್ದರೆ ಅದು ಕಾಕನದ್ದೇ. ನಾನು ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ನನ್ನ ಸಹಿ ತೋರಿಸಿ, ಎಲ್ಲವನ್ನೂ ಹೇಳಿದೆ.

ಅವರು ಸಿಟ್ಟು ಮಾಡಲಿಲ್ಲ. "ನೀವು ಕಲಿತವರು," ಎಂದರು. "ಡ್ರೈವರ್ ತಪ್ಪಿದ ಅಂದ್ರೆ ಜನ ಎರಡು ದಿನ ಮಾತಾಡಿ ಬಿಡ್ತಾರೆ. ಬಸ್ಸೇ ತಪ್ಪಿ ಕಟ್ಟಿದ್ದು ಅಂದ್ರೆ ಇನ್ನು ಯಾರು ಹತ್ತುದು?"

"ಕಾಕ ಸುತ್ತು ಬಂದಿದ್ರೂ ಆಣಿ ಒಳಗೇ ಇತ್ತು, ಧನಿ. ತಟ್ಟಿ ನೋಡಿದ್ರೂ ಗೊತ್ತಾಗ್ತಿರಲಿಲ್ಲ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಅವಸರ ಮಾಡಿದ್ದು ಅವರಿಗೆ ಆಗ ನೆನಪಾಗಿರಬೇಕು. ಆಮೇಲೆ, ತಾನು ಆ ಅಂಗಳದಲ್ಲಿ ಮಾತು ಕೊಟ್ಟಾಗಿದೆ, ಅದನ್ನು ಬಿಡಿಸಬೇಕಾದವರು ಆ ಮನೆಯವರೇ ಎಂದರು. ಮೊದಲು ಬಾಗಿಲು ಸರಿ ಮಾಡಿ. ಆಮೇಲೆ ನೀವೂ ಡ್ರೈವರೂ ಹೋಗಿ ಆಕೆಯಲ್ಲಿ ಕೇಳಿ. ಯಾರನ್ನೂ ತೆಗೆಯುವುದು ಬೇಡ ಅಂದರೆ ಇಬ್ಬರೂ ಉಳಿಯುತ್ತೀರಿ. ಇಲ್ಲದಿದ್ದರೆ ಒಬ್ಬರು ಹೋಗಬೇಕು, ಯಾರ ತಪ್ಪೆಂದು ಆಕೆ ಹೇಳುತ್ತಾರೋ ಅವರು.

ಆರೂ ಬಾಗಿಲುಗಳನ್ನು ಕಳಚಿದೆವು. ಬಿಜಾಗ್ರಿಯನ್ನು ಬದಿಗೆ ಇಡುವುದೇ ಬೇಡ, ಮೇಲಿನ ಅಂಚಿಗೆ ಇಡೋಣ ಎಂದೆ. ಹಾಗೆ ಮಾಡಿದರೆ ಬಾಗಿಲು ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಕೆಳ ಅಂಚಿಗೆ ಕಬ್ಬಿಣದ ಪಟ್ಟಿ ಬಡಿದು ಇನ್ನಷ್ಟು ತೂಕ ಕೊಟ್ಟೆವು. ಆಣಿಯನ್ನು ಮೇಲಿನಿಂದ ಇಳಿಸುವ ಬದಲು ಅಡ್ಡಕ್ಕೆ ತೂರಿಸಿ, ತುದಿಗೆ ಲಾರಿಯವರು ಹಾಕುವ ಕವಲು ಪಿನ್ನು ಬಗ್ಗಿಸಿದೆವು. ಅಡಿಗೆಯ ಭಟ್ಟರು ಬಂದು ನೋಡಿ, ಎತ್ತಿ ಹಿಡಿಯಲು ಒಂದು ಕೈ, ಆನಿಸಲು ಕೋಲು, ಪಾತ್ರೆ ತೆಗೆಯಲು ಮೂರನೆಯ ಕೈ ಎಲ್ಲಿಂದ ತರಲಿ ಎಂದು ರೇಗಿದರು. ಮೊದಲ ದಿನವೇ ಎರಡು ಸಲ ತಲೆ ಬಡಿಸಿಕೊಂಡರು. ಆಚಾರಿ ಅವರಿಗೆ ಎಣ್ಣೆ ಕೊಟ್ಟರು. ಬಾಗಿಲನ್ನು ಬದಲಿಸಲಿಲ್ಲ.

ಕಾಕ ಮತ್ತು ನಾನು ಖಾಲಿ ಬಸ್ಸಿನಲ್ಲಿ ಸಂಪಾಜೆಯ ಕಡೆಗೆ ಹೊರಟೆವು. ಆಕೆಯ ಮನೆಯ ಬಳಿ ಬಸ್ಸು ನಿಲ್ಲಿಸಿದೆವು. ಆಕೆ ಮನೆಯ ಹಿಂದೆ ಗೊಬ್ಬರ ಹೊರುತ್ತಿದ್ದರು, ಮುಂಗೈಯ ಗಾಯಕ್ಕೆ ಅರಸಿನ ಮೆತ್ತಿದ್ದರು. ಅಂಗಳದಲ್ಲಿ ನಿಂತೇ ನಾನು ಹೇಳಿದೆ, ಅಕ್ಕ, ಬಾಗಿಲು ಹಾಗೆ ಇಡಲು ಹೇಳಿದ್ದು ನಾನು, ಇವರದ್ದು ತಪ್ಪಿಲ್ಲ ಎಂದು. ಗಾಳಿ, ಬಿಜಾಗ್ರಿ, ಆಣಿ ಇಲ್ಲದೆಯೂ ಮುಚ್ಚಿಕೊಳ್ಳುವ ಹೊಸ ಬಾಗಿಲು, ಧನಿಗಳ ಮಾತು ಎಲ್ಲ ವಿವರಿಸಿದೆ. ಆಕೆ ಬುಟ್ಟಿ ಕೆಳಗಿಟ್ಟು ಪೂರ್ತಿ ಕೇಳಿದರು.

"ಬಾಯಲ್ಲಿ ಎಲ್ಲ ಬಾಗಿಲೂ ಮುಚ್ಚುತ್ತದೆ," ಎಂದರು. "ನಾನು ಅದೇ ಜಾಗದಲ್ಲಿ ನಿಲ್ತೇನೆ. ನೀವು ಆ ಆಣಿ ಹಾಕದೆ ಬಸ್ಸು ಬಿಡಿ. ನೋಡುವ."

"ಅದು ಆಗ್ಲಿಕ್ಕಿಲ್ಲ, ಅಕ್ಕ," ಎಂದರು ಕಾಕ. "ನನ್ನನ್ನು ಕಂಪೆನಿ ಬಿಡ್ಲಿ. ಆ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿ ನಾನು ಗಾಡಿ ಬಿಡುದಿಲ್ಲ."

"ಹಾಗಾದ್ರೆ ಬಾಗಿಲಿನ ಮೇಲೆ ನಿಮಗೇ ನಂಬಿಕೆ ಇಲ್ಲ."

ನಾನು ನಿಲ್ಲುತ್ತೇನೆ ಎಂದೆ. ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಕಾಕ ನನ್ನನ್ನು ನೋಡಿದರು. ಆಕೆ ಆಗಬಹುದು ಎಂದು ತಲೆಯಾಡಿಸಿ, ಸೆರಗು ಸಿಕ್ಕಿಸಿ ನಮ್ಮ ಮುಂದೆ ಹೊರಟರು.

ಬರೆಯಲ್ಲಿ ಬಾಗಿಲು ಕೊರೆದ ಗುರುತು ಇನ್ನೂ ಹಸಿಯಾಗಿತ್ತು. ಆಕೆ ಬರೆಯ ಮೇಲೆ ಹತ್ತಿ ಕೂತರು. ನಾನು ಆರೂ ಆಣಿಗಳನ್ನು ತೆಗೆದು ಕಾಕನ ಕೈಗೆ ಕೊಟ್ಟೆ, ಅಂದಿನಷ್ಟೇ ವೇಗ, ಅಂದಿನಷ್ಟೇ ಹತ್ತಿರ ಎಂದೆ. ಅವರು ಆಣಿಗಳನ್ನು ಜೇಬಿಗೆ ಹಾಕಿಕೊಂಡರು.

"ರೈಟರ್ರೆ, ನೀವು ಕಣ್ಣು ಮುಚ್ಚಿದ್ರೆ ನನಗೆ ಕಾಣ್ತದೆ. ಮುಚ್ಚಬೇಡಿ."

ಬಸ್ಸು ಹಿಂದಕ್ಕೆ ಹೋಗಿ ತಿರುವಿನಾಚೆ ಮರೆಯಾಯಿತು. ನಾನು ಗುರುತಿನ ಪಕ್ಕದಲ್ಲಿ ಬರೆಗೆ ಬೆನ್ನು ಕೊಟ್ಟು ನಿಂತೆ. ಮಣ್ಣು ತಣ್ಣಗಿತ್ತು. ಹಿಂದೆ ಸರಿಯಲು ಒಂದು ಬೆರಳಿನಷ್ಟು ಜಾಗವಿಲ್ಲ ಎಂಬುದು ಬೆನ್ನಿಗೆ ಗೊತ್ತಾಯಿತು. ಕೈಯಲ್ಲಿ ಹಿಡಿದುಕೊಳ್ಳಲೂ ಏನಿರಲಿಲ್ಲ. ಸದ್ದು ಮೊದಲು ಬಂತು, ಆಮೇಲೆ ಬಸ್ಸಿನ ಮೂತಿ. ಅದು ದೊಡ್ಡದಾಗುತ್ತಾ ಬರುವಾಗ ನನ್ನ ಕಣ್ಣು ಡ್ರೈವರ್ ಕಾಕನ ಮುಖವನ್ನು ಹುಡುಕಿ ಹಿಡಿಯಿತು. ಅವರು ದಾರಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಮುಂದಿನ ಚಕ್ರ ದಾಟಿತು. ಒಂದನೆಯ ಬಾಗಿಲು, ಎರಡನೆಯದು, ಮೂರನೆಯದು. ಬಿಸಿ ಗಾಳಿ ಶರ್ಟನ್ನು ಹೊಟ್ಟೆಗೆ ಅಂಟಿಸಿತು. ಮೂರೂ ಬಾಗಿಲುಗಳು ಗೋಡೆಯಂತೆ ಸುಮ್ಮನೆ ನನ್ನ ಸೊಂಟದ ಮುಂದಿನಿಂದ ಹೋದವು.

ಆಕೆ ಧೂಳು ಇಳಿಯುವುದನ್ನು ಕಾದರು. ಮತ್ತೆ ಬರೆಯಿಂದ ಇಳಿದು ಸೀರೆ ಕೊಡವಿಕೊಂಡರು.

"ನನ್ನ ಹೆಸರಲ್ಲಿ ಯಾರ ಅನ್ನವೂ ಹೋಗುದು ಬೇಡ. ನಿಮ್ಮ ಧನಿಯಲ್ಲಿ ಹಾಗೆ ಹೇಳಿ. ಬ್ಯಾರಿಯದ್ದೂ ಬೇಡ, ನಿಮ್ಮದೂ ಬೇಡ." ಎರಡು ಹೆಜ್ಜೆ ಹೋಗಿ ತಿರುಗಿದರು. "ಆದರೆ ನೀವು ಇನ್ನು ಬಾಗಿಲು ಮಾಡುವಾಗ ಒಳಗೆ ಕೂತವರನ್ನು ಮಾತ್ರ ಕೇಳಬೇಡಿ."

ಬಸ್ಸು ಎಲ್ಲೂ ಕಾಣಲಿಲ್ಲ. ನಾನು ನಡೆದೆ. ಎರಡು ತಿರುವು ದಾಟಿದ ಮೇಲೆ ದಾರಿಯ ಬದಿಯಲ್ಲಿ ನಿಂತಿತ್ತು, ಇಂಜಿನು ಓಡುತ್ತಲೇ ಇತ್ತು. ಕಾಕ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಆಕೆ ಹೇಳಿದ್ದನ್ನು ಹೇಳಿದೆ.

"ಬಾಗಿಲು ಎಷ್ಟು ದೂರ ಇತ್ತು?" ಎಂದು ಕಾಕ ಕೇಳಿದರು.

ನಾನು ಹೊಟ್ಟೆಯ ಮುಂದೆ ಕೈಯಿಟ್ಟು ತೋರಿಸಿದೆ, ಒಂದೂವರೆ ಗೇಣು. ಅವರು ನನ್ನ ಕೈಯನ್ನು ನೋಡಿದರು, ಮತ್ತೆ ನೋಡಿದರು. ಜೇಬಿನಿಂದ ಆಣಿಗಳನ್ನು ತೆಗೆದು ಕೊಟ್ಟರು. ನಾನು ಇಳಿದು ಒಂದೊಂದಾಗಿ ತೂರಿಸಿ ಬರುವವರೆಗೆ ಕಾದು ಗಾಡಿ ಬಿಟ್ಟರು. ಪುತ್ತೂರಿನವರೆಗೂ ಮೂರನೆಯ ಗೇರಿಗೆ ಹೋಗಲಿಲ್ಲ.